ನೂಲು ಹಿಡಿದ ಹಾಗೆ

ಯಾತ್ಸುಶಿರೊದಲ್ಲಿ ಯಾರಾದರೂ ಹೊಸ ಚಾಪೆಗೆ ಕರೆದರೆ
ನಾನು ಮೊದಲು ಒಯ್ಯುವುದು ಎರಡು ನೂಲು.
ಮೂಲೆಯಿಂದ ಮೂಲೆಗೆ ಅಡ್ಡ ಎಳೆದು ನೋಡಿದರೆ
ಯಾವ ಕೋಣೆಯೂ ಚೌಕವಲ್ಲ.
ಒಂದು ಗೋಡೆ ಎರಡು ಬೆರಳು ಒಳಕ್ಕೆ,
ಇನ್ನೊಂದು ಭೂಮಿ ನಡುಗಿದ ರಾತ್ರಿಯಿಂದ ಹೊರಕ್ಕೆ.
ಮನೆಯವರಿಗೆ ಹೇಳುವುದಿಲ್ಲ.
ಜೊಂಡಿನ ತತಾಮಿಯನ್ನೇ ಅಷ್ಟು ಓರೆ ಕತ್ತರಿಸಿ ಕೂರಿಸುತ್ತೇನೆ.
ಅವರು ಕೋಣೆಯನ್ನು ಹೊಗಳುತ್ತಾರೆ.

ಮೂವತ್ತೆಂಟು ವರ್ಷ,
ಮಂಡಿಯಿಂದ ಒತ್ತಿ ಮೊಣಕೈಯಿಂದ ದಾರ ಬಿಗಿಯುತ್ತ
ಕಾಲು ಯಾವಾಗ ಕಮಾನಾಯಿತೋ ತಿಳಿಯಲಿಲ್ಲ.
ಚಪ್ಪಲಿಗೆ ಗೊತ್ತಿತ್ತು, ಹೊರಗಿನ ಅಂಚು ಮಾತ್ರ ಸವೆಯುತ್ತಿತ್ತು.
ಫುಸಾಯೆಗೆ ಗೊತ್ತಿತ್ತು.
"ನಿನ್ನ ಕಾಲುಗಳ ನಡುವೆ ಬೆಕ್ಕು
ಮೈ ತಾಗಿಸದೆ ಹಾದುಹೋಗುತ್ತೆ" ಎಂದು ನಗುತ್ತಿದ್ದಳು,
ಒಂದು ದಿನ ನಾನು ಮೆಟ್ಟಿಲ ನಡುವೆ
ಕಂಬ ಹಿಡಿದು ನಿಲ್ಲುವವರೆಗೆ.

ಡಾಕ್ಟರ್ ಓಗುಶಿಗೆ ನನ್ನ ಮಗಳ ವಯಸ್ಸು.
ಉದ್ದನೆಯ ಎಕ್ಸ್‌ರೇ ಮೇಲೆ
ಸೊಂಟದ ಗುಂಡಿನಿಂದ ಪಾದದ ಹರಡಿಗೆ ಗೆರೆ ಎಳೆದಳು.
ಗೆರೆ ಮಂಡಿಯನ್ನು ಮುಟ್ಟಲೇ ಇಲ್ಲ,
ಒಳಬದಿಯ ಬರೀ ಗಾಳಿಯಲ್ಲಿ ಇಳಿಯಿತು.
"ಭಾರವೆಲ್ಲ ಈ ಕಡೆಗೇ. ಆ ಕಡೆ ನೋಡಿ, ಸವೆದೇ ಇಲ್ಲ."
ನೆಂಟರು ಬಾರದ ಕೋಣೆಯ ಚಾಪೆ, ಅಂದೆ.
ಅವಳು ಅದನ್ನು ಬರೆದುಕೊಂಡಳು.

ಬೆನ್ನಿಗೆ ಸೂಜಿ. ಸೊಂಟದ ಕೆಳಗೆ ನಾನಿಲ್ಲ.
ಹಸಿರು ಪರದೆಯಾಚೆ ಯಾರದೋ ಬಲಗಾಲು.
ಮೇಲಿನ ಮೂಳೆಗೊಂದು, ಕೆಳಗಿನದಕ್ಕೊಂದು
ಬೂದು ಗೋಲಿಗಳ ಕೊಂಬೆ ನೆಟ್ಟರು.
ಮೂಲೆಯಲ್ಲಿ ಎರಡು ಕಣ್ಣಿನ ಕ್ಯಾಮೆರಾ,
ಗೋಲಿಗಳನ್ನು ಬಿಟ್ಟು ಬೇರೇನೂ ನೋಡದು.
ನನ್ನನ್ನಂತೂ ಇಲ್ಲವೇ ಇಲ್ಲ.
ಸಹಾಯಕ ಹುಡುಗ ಕಾಲೆತ್ತಿ ನಿಧಾನ ತಿರುಗಿಸಿದ,
ಚಹಾ ಬೀಸುವ ಕಲ್ಲಿನ ಹಾಗೆ, ಸುತ್ತು, ಮತ್ತೊಂದು ಸುತ್ತು.
ಆ ಸುತ್ತುಗಳ ನಡು ಹುಡುಕಿ
ಕಂಪ್ಯೂಟರ್ ಸೊಂಟದ ಕೇಂದ್ರ ಕಂಡುಕೊಂಡಿತು,
ಚರ್ಮ ಬಿಚ್ಚದೆಯೇ.
ಹರಡಿನ ಈಚೆ ಒಮ್ಮೆ, ಆಚೆ ಒಮ್ಮೆ ಸಲಾಕೆ ತಾಗಿಸಿದರು.
ಟೊಂಯ್ ಎಂದಿತು ಯಂತ್ರ.
ಆಗ ನನಗೆ ಹೊಳೆಯಿತು.
ಇವರೂ ನೂಲು ಎಳೆಯುತ್ತಿದ್ದಾರೆ!

ಗರಗಸದ ಸದ್ದು ನನಗೆ ಹೊಸದಲ್ಲ.
ವಾಸನೆ ಹೊಸದು.
ಮೂಳೆಯ ಸೀಳು ಕೂದಲೆಳೆಯಷ್ಟು ಬಿರಿದಂತೆಲ್ಲ
ಪರದೆ ನೋಡುತ್ತ ಅವಳು ಎಣಿಸುತ್ತಿದ್ದಳು.
ಒಂಬತ್ತು ಡಿಗ್ರಿ.
ಆರು.
ನಾಲ್ಕು.
ಯಾರೋ ಕೆಮ್ಮಿದರು. ಎರಡು.
ಸೊನ್ನೆ.

ಸೊನ್ನೆಗೆ ನಿಲ್ಲಿಸುತ್ತಾಳೆ ಅಂದುಕೊಂಡೆ.
"ಇನ್ನೂ ಬಿಚ್ಚಿ."
ಪರದೆಯ ಈಚೆಯಿಂದ ಕೇಳಿದೆ, ನೇರವಾಯಿತಲ್ಲವೇ?
"ನೇರವಾದರೆ ಸಾಲದು ಸೊಯೆಜಿಮ-ಸಾನ್,
ಸವೆದ ಬದಿಗೆ ಬಿಡುವು ಬೇಕು.
ಮೂರು ಡಿಗ್ರಿ ಆಚೆಗೆ ಓರೆ ಬಿಡುತ್ತೇನೆ. ಬೇಕೆಂದೇ."

ನಗು ಬಂತು. ಹೊಟ್ಟೆ ಕುಲುಕಿತು.
ನರ್ಸ್ ಭುಜ ಒತ್ತಿ ಹಿಡಿದು ಗದರಿದಳು,
ಅಲ್ಲಾಡಬೇಡಿ.
ಹೇಗೆ ಹೇಳಲಿ ಅವಳಿಗೆ,
ಪರದೆಯಾಚೆ ನನ್ನದೇ ಕಸುಬಿನವಳು
ಕೂತಿದ್ದಾಳೆಂದು?

ಸೀಳಿಗೆ ಬಿಳಿಯ ಬೆಣೆ, ಮೇಲೆ ಟೈಟಾನಿಯಂ ಪಟ್ಟಿ.
ಬೆಣೆ ಕರಗಿ ಮೂಳೆಯಾಗುತ್ತದಂತೆ,
ನಾನು ಆತುರಪಡದಿದ್ದರೆ.
ಬಲಗಾಲಿಗೆ ಫುಸಾಯೆ ಹೊಸ ಚಪ್ಪಲಿ ತಂದಳು.
ಎಡಗಾಲಿನದು ಹಳೆಯದೇ,
ಅದರ ಸರದಿ ಬರುವವರೆಗೆ
ಅದು ಅದರ ಪಾಡಿಗೆ ಡೊಂಕು ನಡೆಯಲಿ.
ಬೆಕ್ಕು ಮಾತ್ರ ಗೊಂದಲದಲ್ಲಿದೆ,
ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಮೂರು ಚಾಪೆ,
ಮುದುಕರು ಕೂತೇಳುವುದನ್ನು ಮತ್ತೆ ಕಲಿಯಲೆಂದು.
ಮೊನ್ನೆ ಅಲ್ಲಿ ನಿಂತಾಗ ಕಂಡಿತು,
ಕಿಟಕಿಯ ಕಡೆಯದು ಅರ್ಧ ಬೆರಳು ಮೇಲೆದ್ದಿದೆ.
ಯಾವನ ಕೆಲಸವೋ.
ಮಂಡಿಯೂರಿ ನೋಡಬೇಕೆನ್ನಿಸಿತು,
ಇನ್ನೂ ಆರು ವಾರ ಆಗದು.
ಅತ್ತಿತ್ತ ನೋಡಿ
ಊರುಗೋಲಿನ ತುದಿಯಿಂದ ಅಂಚನ್ನು ಮೆಲ್ಲಗೆ
ಒಳಕ್ಕೆ ಒತ್ತಿದೆ.